ನೆಟ್‌ವರ್ಕ್ ನಮಗೆ ಬಿಡಿ ಎನ್ನುವವರಿಗೆ

‘ನಿಮ್ಮದು ಅಕ್ಕಿ ವ್ಯಾಪಾರ, ಅದನ್ನು ನೋಡಿಕೊಳ್ಳಿ, ನೆಟ್‌ವರ್ಕ್ ನಮಗೆ ಬಿಡಿ.’ ಗಂಗಾವತಿಯಿಂದ ಸಿದ್ದಾಪುರ, ಕಾರಟಗಿ ದಾಟಿ ಸಿಂಧನೂರಿಗೆ ಹೋಗುವ ರಸ್ತೆಯ ಎರಡೂ ಬದಿಗೆ ಈ ಮಾತು ಚೆನ್ನಾಗಿ ಮಾರಾಟವಾಗುತ್ತಿದೆ. ಅಕ್ಕಿ ಗಿರಣಿ, ಗೊಬ್ಬರದ ಡೀಲರು, ಪತ್ತಿನ ಸಹಕಾರ ಸಂಘ, ನರ್ಸಿಂಗ್ ಹೋಮು, ಇಂಗ್ಲಿಷ್ ಮೀಡಿಯಂ ಶಾಲೆ, ಎಲ್ಲರಿಗೂ ಒಂದೇ ಪಾಠ. ಇಂಟರ್‌ನೆಟ್ ಲೈನು, ರೌಟರು, ಫೈರ್‌ವಾಲ್, ಕ್ಯಾಮೆರಾ, ಗೋದಾಮಿಗೂ ಅಂಗಡಿಗೂ ನಡುವಿನ ಖಾಸಗಿ ಜಾಲ, ಆಫೀಸಿನ ಫೋನು, ಎಲ್ಲವನ್ನೂ ದೂರದ ಕಂಪನಿಯೊಂದು ನೋಡಿಕೊಳ್ಳುತ್ತದೆ. ತಿಂಗಳಿಗಿಷ್ಟು ಅಂತ ಕಟ್ಟಿದರಾಯಿತು, ತಲೆನೋವು ಇಲ್ಲ. ಇದಕ್ಕೆ ‘ಮ್ಯಾನೇಜ್ಡ್ ಸರ್ವಿಸ್’ ಎಂದು ಹೆಸರು.

ಮಾರುವವನು ಹೀಗೆ ಹೇಳಿದರೆ ಅದು ಅವನ ಹೊಟ್ಟೆಪಾಡು. ಆದರೆ ಲೆಕ್ಕಪರಿಶೋಧಕರು, ಬ್ಯಾಂಕಿನ ಮ್ಯಾನೇಜರುಗಳು, ಬೆಂಗಳೂರಿನಲ್ಲಿ ಎಂಬಿಎ ಮುಗಿಸಿ ಬಂದ ಮಾಲೀಕರ ಮಕ್ಕಳು, ಇಲಾಖೆಯ ಅಧಿಕಾರಿಗಳು ಕೂಡ ಇದನ್ನೇ ಜಾಣತನವೆಂದು ನಂಬಿ ಕೂತಿದ್ದಾರೆ. ಸಣ್ಣ ಊರಿನ ಉದ್ಯಮಕ್ಕೆ ಬೇರೆ ದಾರಿಯೇ ಇಲ್ಲ, ಒಪ್ಪದವನು ಹಳೇ ಕಾಲದವನು ಎಂಬುದು ಈಗ ಚರ್ಚೆಯೇ ಬೇಡದ ಮಾತಾಗಿದೆ. ನನ್ನ ತಕರಾರು ಇರುವುದು ಇಲ್ಲೇ. ದುಡಿಮೆಯನ್ನು ಹೊರಗೆ ಕೊಡುವುದು ಬೇರೆ, ಕೀಲಿಯನ್ನೇ ಹೊರಗೆ ಕೊಡುವುದು ಬೇರೆ. ಈ ಮಾರುಕಟ್ಟೆ ಮೊದಲನೆಯದರ ಹೆಸರು ಹೇಳಿ ಎರಡನೆಯದನ್ನು ಬರೆಸಿಕೊಳ್ಳುತ್ತಿದೆ.

ಸಿದ್ದಾಪುರ ತುಂಗಭದ್ರಾ ಎಡದಂಡೆ ನಾಲೆಯ ನೀರಿನಿಂದ ಬದುಕುವ ಊರು. ಸುತ್ತ ಭತ್ತದ ಗದ್ದೆ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳು, ಗಿರಣಿಗಳು. ಇಂಥ ಊರಿಗೆ ಜಾಲ ಏಕೆ ಬೇಕು ಎಂದು ಕೇಳುವ ಕಾಲ ಮುಗಿದು ಬಹಳ ವರ್ಷವಾಯಿತು. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ ಶೇ 5ರ ಜಿಎಸ್‌ಟಿ ಬಂತು. 25 ಕೆಜಿವರೆಗಿನ ಚೀಲಕ್ಕೆ ಮಾತ್ರ ತೆರಿಗೆ ಎಂದು ತಿಳಿದೊಡನೆ 26 ಕೆಜಿ ಚೀಲಗಳು ಪೇಟೆಗೆ ಬಂದದ್ದು ಬೇರೆ ಮಾತು; ವ್ಯಾಪಾರಿಯ ಬುದ್ಧಿಗೆ ತರಬೇತಿ ಬೇಕಿಲ್ಲ. ಆದರೆ ತೆರಿಗೆಯ ಮಾಲು 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಇಲ್ಲದೆ ಲಾರಿ ಅಲುಗಾಡುವಂತಿಲ್ಲ. ವರ್ಷದ ವಹಿವಾಟು 5 ಕೋಟಿ ದಾಟಿದವರಿಗೆ 2023ರ ಆಗಸ್ಟ್‌ನಿಂದ ಇ-ಇನ್‌ವಾಯ್ಸ್ ಕಡ್ಡಾಯ. ಎಪಿಎಂಸಿಯ ಆನ್‌ಲೈನ್ ಟೆಂಡರು, ರೇಷನ್ ಅಂಗಡಿಯ ಬೆರಳಚ್ಚು, ಹಮಾಲರಿಗೆ ಕೊಡುವ ಫೋನ್‌ಪೇ, ಎಲ್ಲವೂ ಅದೇ ತಂತಿಯ ಮೇಲೆ. ತಂತಿ ಸತ್ತ ದಿನ ಗಿರಣಿ ಓಡಬಹುದು, ಅಕ್ಕಿ ಹೊರಡುವುದಿಲ್ಲ. ಅಂದ ಮೇಲೆ ‘ನಿಮ್ಮದು ಅಕ್ಕಿ ವ್ಯಾಪಾರ, ನೆಟ್‌ವರ್ಕ್ ನಿಮ್ಮದಲ್ಲ’ ಎಂಬ ಮೊದಲ ವಾಕ್ಯವೇ ಸುಳ್ಳು.

ಈ ಸುಳ್ಳಿಗೆ ಒಂದು ದೊಡ್ಡ ಹೆಸರಿನ ಆಧಾರ ಕೊಡುತ್ತಾರೆ. ಸಂಸ್ಥೆಯೊಂದು ತನ್ನ ಮೂಲ ಸಾಮರ್ಥ್ಯದ ಮೇಲೆ ಗಮನ ಇಡಬೇಕು ಎಂಬ ವಿಚಾರ ಸಿ. ಕೆ. ಪ್ರಹ್ಲಾದ್ ಮತ್ತು ಗ್ಯಾರಿ ಹ್ಯಾಮೆಲ್ 1990ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬರೆದ ಲೇಖನದಿಂದ ಜನಪ್ರಿಯವಾಯಿತು. ಮಾರಾಟದ ಸ್ಲೈಡುಗಳಲ್ಲಿ ಅದರ ಅರ್ಧವೇ ಬರುತ್ತದೆ. ಹೊರಗುತ್ತಿಗೆ ತತ್ಕಾಲಕ್ಕೆ ಸಲೀಸಾದರೂ ಜನರ ಕೈಯಲ್ಲಿ ಉಳಿಯಬೇಕಾದ ಕೌಶಲವನ್ನು ಅದು ಬೆಳೆಸುವುದಿಲ್ಲ, ಕಂಪನಿಗಳು ತಮಗೆ ಅರಿವಿಲ್ಲದೆಯೇ ಸಾಮರ್ಥ್ಯವನ್ನು ಬಿಟ್ಟುಕೊಡುತ್ತವೆ ಎಂದು ಅದೇ ಲೇಖನ ಎಚ್ಚರಿಸುತ್ತದೆ. ಎಚ್ಚರಿಕೆಯನ್ನು ಕತ್ತರಿಸಿ ಹಾಕಿ ಘೋಷಣೆಯನ್ನು ಮಾತ್ರ ಉಳಿಸಿಕೊಂಡವರು ಪ್ರಹ್ಲಾದರ ಶಿಷ್ಯರೇನೂ ಅಲ್ಲ.

ಎರಡನೆಯ ಆಧಾರ ಏರ್‌ಟೆಲ್. 2004ರಲ್ಲಿ ಅದರ ಒಡೆಯ ಕಂಪನಿ ಭಾರ್ತಿ ತನ್ನ ಮೊಬೈಲ್ ಜಾಲದ ನಿರ್ವಹಣೆಯನ್ನು ಎರಿಕ್ಸನ್‌ಗೂ ಕಂಪ್ಯೂಟರ್ ವ್ಯವಸ್ಥೆಯನ್ನು ಹತ್ತು ವರ್ಷಕ್ಕೆ ಐಬಿಎಂಗೂ ಕೊಟ್ಟಿತು. ಐಬಿಎಂ ಒಪ್ಪಂದವೊಂದೇ 75 ಕೋಟಿ ಡಾಲರಿನದೆಂದು ಆಗ ಹೇಳಲಾಗಿತ್ತು. ಟೆಲಿಕಾಂ ಕಂಪನಿಯೇ ತನ್ನ ಜಾಲವನ್ನು ಹೊರಗೆ ಕೊಟ್ಟಿರುವಾಗ ನಿಮ್ಮದೇನು ಎಂಬುದು ವಾದ. ಏರ್‌ಟೆಲ್ ಗೆದ್ದದ್ದು ನಿಜ. ಆದರೆ ಹೇಗೆ ಗೆದ್ದಿತು? ಯಂತ್ರಕ್ಕೆ ದುಡ್ಡು ಕೊಡದೆ, ಗ್ರಾಹಕರು ನಿಜವಾಗಿ ಬಳಸಿದ ಸಾಮರ್ಥ್ಯಕ್ಕೆ ಮಾತ್ರ ದುಡ್ಡು ಕೊಡುವಂತೆ ಎರಿಕ್ಸನ್ನನ್ನು ಒಪ್ಪಿಸಿ. ಜಾಲ ಬೆಳೆಯದಿದ್ದರೆ, ನಡೆಯದಿದ್ದರೆ ನಷ್ಟ ಗುತ್ತಿಗೆದಾರನದೂ ಹೌದು. ಹಾಗೆ ಬಗ್ಗಿಸುವ ಬಲ ಲಕ್ಷಾಂತರ ಗ್ರಾಹಕರಿದ್ದ ಕಂಪನಿಗಿತ್ತು. ಸಿದ್ದಾಪುರದ ಗಿರಣಿ ಮಾಲೀಕನ ಮುಂದೆ ಬರುವುದು ಅಚ್ಚು ಹಾಕಿಸಿದ ಒಪ್ಪಂದ. ಅದರಲ್ಲಿ ಒಂದು ಅಕ್ಷರ ಬದಲಿಸುವ ಹಕ್ಕು ಅವನಿಗಿಲ್ಲ. ಇನ್ನು ಐಬಿಎಂ. ಇದೇ ಬಗೆಯ ನಿರ್ವಹಣಾ ವ್ಯವಹಾರವನ್ನು ಅದು 2021ರ ನವೆಂಬರಿನಲ್ಲಿ ಕಿಂಡ್ರಿಲ್ ಎಂಬ ಬೇರೆ ಕಂಪನಿಯಾಗಿ ಕಳಚಿಟ್ಟಿತು. ಕೊಟ್ಟವರ ಪೈಕಿ ಹಿಂತೆಗೆದುಕೊಂಡವರೂ ಇದ್ದಾರೆ: ಜೆಪಿ ಮಾರ್ಗನ್ ಬ್ಯಾಂಕು ಐಬಿಎಂ ಜೊತೆಗಿನ 500 ಕೋಟಿ ಡಾಲರಿನ ಒಪ್ಪಂದವನ್ನು ಎರಡು ವರ್ಷ ತುಂಬುವುದರೊಳಗೆ, 2004ರಲ್ಲಿ ರದ್ದು ಮಾಡಿತು. ಜನರಲ್ ಮೋಟಾರ್ಸ್ 2012ರಲ್ಲಿ ತನ್ನ ಕಂಪ್ಯೂಟರ್ ಕೆಲಸದ ಬಹುಪಾಲನ್ನು ಒಳಕ್ಕೆ ತರುವುದಾಗಿ ಸಾರಿತು. ಈಗ ಬೆಂಗಳೂರಿನ ಹೊರವರ್ತುಲದಲ್ಲಿ ಏಳುತ್ತಿರುವ ವಿದೇಶಿ ಕಂಪನಿಗಳ ಸ್ವಂತ ಕೇಂದ್ರಗಳನ್ನು ನೋಡಿ. ಗುತ್ತಿಗೆಯವರಿಂದ ಬಿಡಿಸಿಕೊಂಡು ತಮ್ಮದೇ ಸಂಬಳದ ಜನರಿಂದ ಕೆಲಸ ಮಾಡಿಸಲು ಅವು ಬಂದಿವೆ. ಅವುಗಳನ್ನು ಕರೆಯಲು ಕರ್ನಾಟಕ ಸರ್ಕಾರ 2024ರಲ್ಲಿ ಪ್ರತ್ಯೇಕ ನೀತಿಯನ್ನೇ ತಂದಿತು. ದೊಡ್ಡವರು ಬಿಟ್ಟುಬರುತ್ತಿರುವ ಉಪದೇಶವನ್ನು ಸಣ್ಣವರಿಗೆ ಹೊಸದೆಂದು ಮಾರಲಾಗುತ್ತಿದೆ.

ಒಪ್ಪಂದದ ಒಳಗೆ ಇಳಿಯೋಣ. ಅಲ್ಲಿ ಎಲ್ಲರ ಕಣ್ಣು ಕುಕ್ಕುವುದು ಒಂದು ಅಂಕಿ: ಶೇ 99.5 ಲಭ್ಯತೆ. ಪರೀಕ್ಷೆಯಲ್ಲಿ ಇಷ್ಟು ಬಂದ ಮಗನಿಗೆ ಊರೆಲ್ಲ ಪೇಡೆ ಹಂಚುತ್ತೇವೆ, ಆದ್ದರಿಂದ ಇದೂ ದೊಡ್ಡದಾಗಿಯೇ ಕಾಣುತ್ತದೆ. ತಿಂಗಳಿಗೆ 720 ಗಂಟೆ ಎಂದು ಹಿಡಿದರೆ 3 ಗಂಟೆ 36 ನಿಮಿಷ ಜಾಲ ಸತ್ತಿದ್ದರೂ ಗುತ್ತಿಗೆದಾರ ಮಾತು ಉಳಿಸಿಕೊಂಡಂತೆ. ಶೇ 99 ಎಂದಿದ್ದರೆ 7 ಗಂಟೆ 12 ನಿಮಿಷ. ಈ ಗಂಟೆಗಳು ನಡುರಾತ್ರಿಯಲ್ಲಿ ಹೋಗಬೇಕೆಂದು ಯಾವ ಕರಾರೂ ಹೇಳುವುದಿಲ್ಲ. ನವೆಂಬರ್, ಡಿಸೆಂಬರಿನಲ್ಲಿ ಹೊಸ ಭತ್ತ ಬಂದು ಲಾರಿಗಳು ಸಾಲುಗಟ್ಟಿದಾಗ ಹೋದ ಒಂದು ಗಂಟೆಗೂ, ನಾಲೆ ಬಂದ್ ಆಗಿ ಊರೆಲ್ಲ ಬಿಕೋ ಎನ್ನುವಾಗ ಹೋದ ಒಂದು ಗಂಟೆಗೂ ಒಪ್ಪಂದದಲ್ಲಿ ಒಂದೇ ತೂಕ. ನಮ್ಮ ಕಡೆಯ ವ್ಯಾಪಾರ ವರ್ಷದ ಕೆಲವೇ ವಾರಗಳಲ್ಲಿ ಕುದಿಯುವಂಥದ್ದು. ಸರಾಸರಿಯ ಲೆಕ್ಕ ಇಂಥ ವ್ಯಾಪಾರಕ್ಕೆ ಮಾಡುವ ಮೋಸ.

ಇದಕ್ಕಿಂತ ನಾಜೂಕಾದದ್ದು ಹೊರತುಪಡಿಕೆಗಳ ಪಟ್ಟಿ. ಗ್ರಾಹಕನ ಕಡೆಯ ವಿದ್ಯುತ್ ವ್ಯತ್ಯಯ ಲೆಕ್ಕಕ್ಕಿಲ್ಲ. ಮೂರನೆಯವರು ಕೇಬಲ್ ಕಡಿದರೆ ಲೆಕ್ಕಕ್ಕಿಲ್ಲ. ಮೊದಲೇ ತಿಳಿಸಿದ ರಿಪೇರಿ ಲೆಕ್ಕಕ್ಕಿಲ್ಲ. ಸಿಡಿಲು, ಮಳೆ, ನೆರೆ ದೇವರ ಲೆಕ್ಕಕ್ಕೆ. ಈಗ ಹೇಳಿ, ಸಿದ್ದಾಪುರದಲ್ಲಿ ನೆಟ್ ಹೋಗುವುದು ಯಾತಕ್ಕೆ? ಜೆಸ್ಕಾಂ ಲೈನು ಹೋದಾಗ, ರಸ್ತೆ ಅಗಲ ಮಾಡುವ ಜೆಸಿಬಿ ಫೈಬರನ್ನು ಎಳೆದಾಗ, ಪೈಪಿನವರು ಚರಂಡಿ ಪಕ್ಕ ತೋಡಿದಾಗ, ಮುಂಗಾರಿನ ಮೊದಲ ಸಿಡಿಲು ಸ್ವಿಚ್ಚನ್ನು ಸುಟ್ಟಾಗ. ಇಲ್ಲಿ ಕೆಡುವುದೆಲ್ಲ ಪಟ್ಟಿಯ ಹೊರಗೆ. ಎಂದೂ ಕೆಡದ್ದಕ್ಕೆ ಮಾತ್ರ ಭರವಸೆ. ಒಂದು ವೇಳೆ ದಂಡ ಬಿದ್ದರೂ ಅದು ತಿಂಗಳ ಬಾಡಿಗೆಯ ಒಂದು ಪಾಲು ಅಷ್ಟೆ. ಬಾಡಿಗೆ ಹತ್ತು ಸಾವಿರ ಎಂದುಕೊಳ್ಳಿ, ದಂಡ ಶೇ 10 ಎಂದುಕೊಳ್ಳಿ: ಮುಂದಿನ ಬಿಲ್ಲಿನಲ್ಲಿ ಸಾವಿರ ರೂಪಾಯಿ ಕಡಿಮೆ. ರಾತ್ರಿಯಿಡೀ ನಿಂತ ಲಾರಿಗಳ ಬಾಡಿಗೆ, ತಪ್ಪಿಹೋದ ಆರ್ಡರು, ಹಮಾಲರ ಕೂಲಿ ಎಲ್ಲ ಮಾಲೀಕನ ಕಿಸೆಯಿಂದ.

ಹಾಗಾದರೆ ಕೆಟ್ಟಾಗ ಬಂದು ಸರಿಮಾಡುವವರು ಯಾರು? ನನಗೆ ಈ ಇಡೀ ವ್ಯವಹಾರದಲ್ಲಿ ಅತ್ಯಂತ ಸಿಟ್ಟು ಬರಿಸುವ ಸಂಗತಿ ಇದು. ದೂರು ಹೋಗುವುದು ಬೆಂಗಳೂರಿಗೋ ಹೈದರಾಬಾದಿಗೋ. ಅಲ್ಲಿ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಒಂದು ಟಿಕೆಟ್ ಹುಟ್ಟುತ್ತದೆ. ಅದು ಹುಬ್ಬಳ್ಳಿಯ ಅಥವಾ ಹೊಸಪೇಟೆಯ ಉಪಗುತ್ತಿಗೆದಾರನಿಗೆ ಇಳಿಯುತ್ತದೆ. ಅವನು ಗಂಗಾವತಿಯ ಹುಡುಗನೊಬ್ಬನಿಗೆ ಫೋನ್ ಮಾಡುತ್ತಾನೆ. ಆ ಹುಡುಗ ಸ್ಪ್ಲೈಸಿಂಗ್ ಮಷೀನನ್ನು ಬೈಕಿನ ಹಿಂದೆ ಕಟ್ಟಿಕೊಂಡು ಬಂದು, ಜೆಸಿಬಿ ಎಲ್ಲಿ ಅಗೆದಿದೆ ಎಂದು ಚಹಾದಂಗಡಿಯಲ್ಲಿ ಕೇಳಿ, ಗುಂಡಿಯಲ್ಲಿ ಕೂತು ಫೈಬರ್ ಬೆಸೆದು ಹೋಗುತ್ತಾನೆ. ಸಣ್ಣ ಊರಿನಲ್ಲಿ ಪರಿಣತರಿಲ್ಲ ಎಂದು ಹೇಳಿ ಗುತ್ತಿಗೆ ಪಡೆದವರು ಕೊನೆಗೆ ಕಳಿಸುವುದು ಅದೇ ಸಣ್ಣ ಊರಿನ ಪರಿಣತನನ್ನು! ನಡುವಿನವರೆಲ್ಲ ತಮ್ಮ ಪಾಲು ಎತ್ತಿಕೊಂಡ ಮೇಲೆ ಅವನಿಗೆ ಸಿಗುವುದು ಪೆಟ್ರೋಲಿನ ಮೇಲೆ ಒಂದಿಷ್ಟು. ಅವನ ನಂಬರು ಗಿರಣಿ ಮಾಲೀಕನ ಫೋನಿನಲ್ಲಿದ್ದರೂ ನೇರ ಕರೆಯುವ ಹಾಗಿಲ್ಲ, ಒಪ್ಪಂದ ಮುರಿದಂತಾಗುತ್ತದೆ. ಅವನಿಗೂ ರೌಟರಿನ ಪಾಸ್‌ವರ್ಡ್ ಗೊತ್ತಿಲ್ಲ, ಮಾಲೀಕನಿಗೂ ಗೊತ್ತಿಲ್ಲ.

ಸರ್ಕಾರ ಈ ದಾರಿಯಲ್ಲಿ ಒಮ್ಮೆ ನಡೆದು ನೋಡಿ ಹಿಂದೆ ಬಂದದ್ದನ್ನು ಈ ಹೋಬಳಿಗಳ ರೈತರು ಕಣ್ಣಾರೆ ಕಂಡಿದ್ದಾರೆ. ಭೂಮಿ ಯೋಜನೆ ಬಂದಾಗ ರಾಜ್ಯದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಅಕ್ಷರ ಕುಟ್ಟುವ ಕೆಲಸವನ್ನು ಖಾಸಗಿಯವರಿಗೆ ಕೊಟ್ಟಿದ್ದರು, ತಪ್ಪೇನಿಲ್ಲ. ಆದರೆ ತಿದ್ದುವ ಅಧಿಕಾರ ಕಂದಾಯ ಇಲಾಖೆಯ ನೌಕರರ ಬೆರಳಚ್ಚಿಗೆ ಅಂಟಿಕೊಂಡಿತ್ತು. ಗ್ರಾಮಲೆಕ್ಕಿಗರಿಗೇ ತರಬೇತಿ ಕೊಟ್ಟು ಕಿಟಕಿಯಲ್ಲಿ ಕೂರಿಸಿದರು. ಅದು ಗಟ್ಟಿಯಾಗಿ ನೆಲೆ ನಿಂತಿತು. ನಂತರ 2006ರ ಸುಮಾರಿಗೆ ಹೋಬಳಿ ಮಟ್ಟದಲ್ಲಿ 800 ನೆಮ್ಮದಿ ಕೇಂದ್ರಗಳು ಬಂದವು. ಈ ಸಲ ಕಟ್ಟಡದ ಸಜ್ಜಿಕೆ, ಉಪಗ್ರಹ ಸಂಪರ್ಕ, ಕಂಪ್ಯೂಟರು, ನಡೆಸುವ ಹುಡುಗರು ಎಲ್ಲವೂ ಕೋಮ್ಯಾಟ್ ನೇತೃತ್ವದ ಖಾಸಗಿ ಕೂಟದ್ದು. ಹೋಬಳಿಗೊಂದು ಕಿಟಕಿ ಎಂಬ ಕಲ್ಪನೆ ಒಳ್ಳೆಯದೇ ಇತ್ತು. ಆದರೆ 2012ರ ಕೊನೆಗೆ ಸರ್ಕಾರ ಅವನ್ನು ಬಿಟ್ಟು, ನಾಡಕಚೇರಿಗಳಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರಗಳೆಂದು ತಾನೇ ನಡೆಸತೊಡಗಿತು. ಇಂದು ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾವು ಹೋಗುವುದು ಅಲ್ಲಿಗೇ. ಅಲ್ಲೂ ‘ಸರ್ವರ್ ಇಲ್ರೀ, ನಾಳೆ ಬರ್ರಿ’ ಎನ್ನುತ್ತಾರೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಹಾಗೆ ಎಂದಾಗ ತಹಶೀಲ್ದಾರರ ಮೇಜಿನ ಮುಂದೆ ನಿಂತು ಜಗಳ ಆಡಬಹುದು. ಟಿಕೆಟ್ ನಂಬರಿನ ಮುಂದೆ ನಿಂತು ಯಾರೂ ಜಗಳ ಆಡಲಾರರು.

ಲಾಭ ಕಾಣದ ಕಡೆ ಈ ಮಾರುಕಟ್ಟೆ ಬರುವುದೇ ಇಲ್ಲ ಎಂಬುದಕ್ಕೆ ಭಾರತ್‌ನೆಟ್ ಸಾಕ್ಷಿ. 2011ರಲ್ಲಿ ಮಂಜೂರಾದ ಯೋಜನೆ ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯಬೇಕಿತ್ತು. ಕುಂಟುತ್ತಿದ್ದ ಅದನ್ನು 2021ರಲ್ಲಿ ಕರ್ನಾಟಕವೂ ಸೇರಿ 16 ರಾಜ್ಯಗಳಲ್ಲಿ ಖಾಸಗಿಯವರಿಗೆ ಒಪ್ಪಿಸಲು 19,041 ಕೋಟಿ ರೂಪಾಯಿಯ ನೆರವಿನ ಆಮಿಷದೊಂದಿಗೆ ಟೆಂಡರು ಕರೆದರು. ಅದು ಫಲಿಸಲಿಲ್ಲ. ಕೊನೆಗೆ ಹೊರೆ ಬಿದ್ದದ್ದು ನಾವೆಲ್ಲ ಬೈಯುವ ಬಿಎಸ್‌ಎನ್‌ಎಲ್ ಹೆಗಲಿಗೇ.

ಕೆಟ್ಟರೆ ಒಂದು ಗಿರಣಿ ತಾನೇ, ಒಂದು ದಿನ ತಾನೇ ಎನ್ನುವವರು 2024ರ ಜುಲೈ 31ನ್ನು ನೆನೆಯಲಿ. ಸಣ್ಣ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಎಂಬ ಕಂಪನಿಯ ಮೇಲೆ ಸುಲಿಗೆ ತಂತ್ರಾಂಶದ ದಾಳಿಯಾಯಿತು. ಸಿ-ಎಡ್ಜ್ ಬೀದಿಬದಿಯ ಕಂಪನಿಯಲ್ಲ, ಸ್ಟೇಟ್ ಬ್ಯಾಂಕ್ ಮತ್ತು ಟಿಸಿಎಸ್ ಕೂಡಿ ಕಟ್ಟಿದ್ದು. ದಾಳಿ ಹಬ್ಬೀತೆಂದು ರಾಷ್ಟ್ರೀಯ ಪಾವತಿ ನಿಗಮ ಅದನ್ನು ಜಾಲದಿಂದ ಬೇರ್ಪಡಿಸಿದಾಗ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಯುಪಿಐ, ಎಟಿಎಂ ಒಟ್ಟಿಗೆ ನಿಂತವು. ಆ ಬ್ಯಾಂಕುಗಳು ಏನೂ ತಪ್ಪು ಮಾಡಿರಲಿಲ್ಲ. ಮಾಡಲು ಅವುಗಳ ಕೈಯಲ್ಲಿ ಏನೂ ಇರಲೂ ಇಲ್ಲ. ಬೇರೆ ಬೇರೆ ಊರಿನ, ಬೇರೆ ಬೇರೆ ಆಡಳಿತ ಮಂಡಳಿಯ ಮುನ್ನೂರು ಸಂಸ್ಥೆಗಳು ಒಂದೇ ಬಾಗಿಲಿನ ಹಿಂದೆ ಬಾಡಿಗೆಗಿದ್ದವು ಎಂಬುದು ಬಾಗಿಲು ಮುಚ್ಚಿದಾಗ ಗ್ರಾಹಕರಿಗೆ ತಿಳಿಯಿತು.

ಕಾನೂನು ಈ ವಿಷಯದಲ್ಲಿ ಮಾರಾಟಗಾರರಿಗಿಂತ ಪ್ರಾಮಾಣಿಕವಾಗಿದೆ. ಕಂಪ್ಯೂಟರ್ ಸೇವೆಗಳ ಹೊರಗುತ್ತಿಗೆ ಕುರಿತು ರಿಸರ್ವ್ ಬ್ಯಾಂಕು 2023ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಕೆಲಸ ಹೊರಗೆ ಹೋದರೂ ಹೊಣೆ ಬ್ಯಾಂಕಿನ ಆಡಳಿತ ಮಂಡಳಿಯದೇ. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ಆದೇಶದಂತೆ ಸೈಬರ್ ದಾಳಿಯನ್ನು ಆರು ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ದಾಖಲೆ ಇಟ್ಟಿರಬೇಕು. ಕಂಪನಿಯಾಗಿ ನೋಂದಣಿಯಾದ ಗಿರಣಿಗೂ ಇದು ಅನ್ವಯಿಸುತ್ತದೆ. ದಾಖಲೆ ಯಾರ ಬಳಿ ಇದೆ? ಗುತ್ತಿಗೆದಾರನ ಬಳಿ. ಜವಾಬು ಕೊಡಬೇಕಾದವರು ಯಾರು? ಮಾಲೀಕ. ‘ತಲೆನೋವು ನಮಗೆ ಬಿಡಿ’ ಎನ್ನುವವರು ತಲೆಯನ್ನಷ್ಟೇ ಒಯ್ಯುತ್ತಾರೆ, ನೋವು ಇಲ್ಲೇ ಉಳಿಯುತ್ತದೆ.

ಎದುರು ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಇಪ್ಪತ್ತು ಜನರ ಗಿರಣಿ ಒಬ್ಬ ನೆಟ್‌ವರ್ಕ್ ಎಂಜಿನಿಯರನ್ನು ಸಾಕಲಾರದು. ರಾತ್ರಿಯಿಡೀ ದಾಳಿಗಳನ್ನು ಕಾಯುವ ಕೆಲಸ ಒಬ್ಬರಿಂದ ಆಗದು. ಇಟ್ಟುಕೊಂಡ ಹುಡುಗ ಎರಡು ವರ್ಷ ಕಲಿತು ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಅಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಪರದೆಗಳ ಮುಂದೆ ಕೂತು ಲಂಡನ್ನಿನ ಬ್ಯಾಂಕಿನ ಜಾಲ ಕಾಯುತ್ತಾನೆ. ಎಲ್ಲ ನಿಜ. ಆದರೆ ಇದರಿಂದ ಹೊರಡುವ ತೀರ್ಮಾನ ‘ಒಬ್ಬಂಟಿಯಾಗಿ ಆಗದು’ ಎಂಬುದು ಮಾತ್ರ. ‘ನಮ್ಮಿಂದ ಆಗದು’ ಎಂಬ ತೀರ್ಮಾನಕ್ಕೆ ನೆಗೆದದ್ದು ಮಾರಾಟಗಾರರು, ಒಪ್ಪಿದ್ದು ನಾವು.

ಒಬ್ಬಂಟಿಯಾಗಿ ಆಗದ್ದನ್ನು ಕೂಡಿ ಮಾಡುವುದು ಈ ಸೀಮೆಗೆ ಹೊಸದೇ? ಕೊಪ್ಪಳದ ಪಕ್ಕದ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಪತ್ತಿನ ಸಹಕಾರ ಸಂಘ ಕಟ್ಟಿದಾಗ ಸಾಲದ ವಿದ್ಯೆ ಸಾಹುಕಾರರಿಗೆ ಮಾತ್ರ ಗೊತ್ತು ಎಂಬ ನಂಬಿಕೆಯೇ ಊರೂರಲ್ಲಿತ್ತು. ಸಾಲ ಬೇರೆ, ತಂತಿಜಾಲ ಬೇರೆ ಎನ್ನುವವರಿಗೆ ಹುಕ್ಕೇರಿ ಇದೆ. 1969ರಲ್ಲಿ ಹುಟ್ಟಿದ ಅಲ್ಲಿನ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಕಂಬ, ತಂತಿ, ಟ್ರಾನ್ಸ್‌ಫಾರ್ಮರು, ಮೀಟರು, ಲೈನ್‌ಮನ್ ಸಮೇತ ಇಡೀ ತಾಲ್ಲೂಕಿನ ವಿತರಣೆಯನ್ನು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆಸಿಕೊಂಡು ಬಂದಿದೆ. ವಿದ್ಯುತ್ತನ್ನು ಹೊರಗಿನಿಂದ ಕೊಳ್ಳುತ್ತದೆ, ಜಾಲ ತನ್ನದು. ಚುನಾವಣೆಯ ರಾಜಕೀಯ, ಗುಂಪುಗಾರಿಕೆ ಅಲ್ಲಿಲ್ಲವೆಂದಲ್ಲ. ಆದರೆ ಲೈನು ಹೋದರೆ ಯಾರ ಬಾಗಿಲು ಬಡಿಯಬೇಕೆಂದು ಹುಕ್ಕೇರಿಯ ರೈತನಿಗೆ ಗೊತ್ತು. ಪ್ರಾಣ ತೆಗೆಯಬಲ್ಲ ವಿದ್ಯುತ್ತನ್ನು ಹಳ್ಳಿಗರ ಸಂಘ ನಿಭಾಯಿಸುತ್ತದೆಂದರೆ ಹತ್ತಿಪ್ಪತ್ತು ಗಿರಣಿಗಳ ರೌಟರುಗಳನ್ನು ಸಿದ್ದಾಪುರ, ಕಾರಟಗಿಯ ವರ್ತಕರು ಕೂಡಿ ನಿಭಾಯಿಸಲಾರರೇ? ಆ ಬೈಕಿನ ಹುಡುಗನಂಥ ಮೂವರಿಗೆ ಸಂಬಳ, ಒಂದು ಸ್ಪ್ಲೈಸಿಂಗ್ ಮಷೀನು, ಬಿಡಿ ರೌಟರುಗಳ ಒಂದು ಕಪಾಟು, ಬೇರೆ ಬೇರೆ ಕಂಪನಿಗಳ ಎರಡು ಲೈನು, ಯಾವ ತಂತಿ ಎಲ್ಲಿ ಹೋಗಿದೆ ಎಂಬ ನಕ್ಷೆ. ರಾತ್ರಿಯ ಕಾವಲನ್ನು ಬೇಕಾದರೆ ಹೊರಗೆ ಕೊಡಿ. ನೋಡುವ ಹಕ್ಕು ಕೊಡಿ, ತಿದ್ದುವ ಹಕ್ಕು ಇಟ್ಟುಕೊಳ್ಳಿ.

ಕೈಯಲ್ಲಿ ಕೆಲಸ ಬಲ್ಲವರ ಬೆಲೆ ಏನೆಂದು ಈ ಅಚ್ಚುಕಟ್ಟಿನವರಿಗೆ ಹೊಸದಾಗಿ ಹೇಳಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಅಣೆಕಟ್ಟೆಯ ನೀರು ಹರಿದುಹೋಗುತ್ತಿದ್ದಾಗ ನಾಲ್ಕು ಜಿಲ್ಲೆಯ ರೈತರು ಕಾದದ್ದು ಯಾವ ಹೆಲ್ಪ್‌ಲೈನಿಗೂ ಅಲ್ಲ, ಗೇಟುಗಳ ಜೊತೆಗೇ ಬಾಳು ಸವೆಸಿದ ಕನ್ನಯ್ಯ ನಾಯ್ಡು ಎಂಬ ಹಿರಿಯ ತಜ್ಞರಿಗೆ. ಹೊಸಪೇಟೆ ಸೀಮೆಯ ಕಾರ್ಖಾನೆಗಳಲ್ಲಿ ತಡೆಫಲಕಗಳು ತಯಾರಾದವು, ಹರಿಯುವ ನೀರಿನಲ್ಲೇ ಇಳಿದವು, ಒಂದು ವಾರದಲ್ಲಿ ನೀರು ನಿಂತಿತು. ಆ ವಿದ್ಯೆ ಹತ್ತಿರದಲ್ಲಿ ಯಾರಲ್ಲೂ ಉಳಿದಿರದಿದ್ದರೆ ಸಿದ್ದಾಪುರದ ಆ ವರ್ಷದ ಭತ್ತ ಏನಾಗುತ್ತಿತ್ತು?

ಗಿರಣಿ ಮಾಲೀಕರಲ್ಲಿ, ಸಂಘದ ಕಾರ್ಯದರ್ಶಿಗಳಲ್ಲಿ ನನ್ನದೊಂದು ಬಿನ್ನಹ. ಈ ಸಲ ಒಪ್ಪಂದ ನವೀಕರಣಕ್ಕೆ ಬಂದವರನ್ನು ಕೂರಿಸಿ, ಚಹಾ ಕೊಟ್ಟು, ರೌಟರಿನ ಅಡ್ಮಿನ್ ಪಾಸ್‌ವರ್ಡ್, ಕೇಬಲ್ಲಿನ ನಕ್ಷೆ, ಕಳೆದ ಆರು ತಿಂಗಳ ಲಾಗ್ ಕೇಳಿ. ಕೊಡುವವರಿದ್ದರೆ ಮಾತು ಮುಂದುವರಿಸಿ. ‘ಅದು ಕಂಪನಿ ಪಾಲಿಸಿ ಅಲ್ಲ ಸರ್’ ಎಂದರೆ ರುಜು ಹಾಕಬೇಡಿ.